ಎಡಗಡೆಯ ಹಿಂದಿನ ಚಕ್ರ

ಅಣ್ಣ ಸತ್ತು ಹನ್ನೊಂದು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಟೀ ಲೋಟವನ್ನು ನನ್ನ ಮುಂದಿಟ್ಟು, "ಹಿತ್ತಲಲ್ಲಿರೋ ಗಾಡೀನ ರಿಪೇರಿ ಮಾಡಿಕೊಡು. ಗಿಡ ಮಾರೋಕೆ ಬೇಕು," ಎಂದರು.

"ಅದನ್ನ ಗುಜರಿಗೆ ಹಾಕೋಣ ಅತ್ತಿಗೆ. ಬೇರೆ ಯಾವುದಾದ್ರೂ ನೋಡೋಣ."

"ಅದೇ ಬೇಕು. ಓಡಿಸೋಳೂ ನಾನೇ."

ಅಷ್ಟು ಹೇಳಿ ಒಳಗೆ ಹೋದರು. ಅತ್ತಿಗೆ ಮಾತನ್ನು ಎರಡನೇ ಸಲ ಹೇಳುವವರಲ್ಲ. ನಾನು ಟೀ ಲೋಟವನ್ನು ಅಲ್ಲೇ ಬಿಟ್ಟು ಎದ್ದೆ.

ಆ ಗಾಡಿ ನಮ್ಮಪ್ಪ ಕೊಂಡಿದ್ದ ಪಿಕಪ್. ಗುಂಡು ಮೂತಿ, ದಪ್ಪ ತಗಡು, ಬಾಗಿಲು ಹಾಕಿದರೆ ಮನೆಯ ಕಬ್ಬಿಣದ ಬೀರು ಮುಚ್ಚಿದಂತೆ ಸದ್ದು. ಅಪ್ಪನ ನಂತರ ಅಣ್ಣ ಅದರಲ್ಲಿ ಮಂಚ, ಕಪಾಟು ಸಾಗಿಸುತ್ತಿದ್ದ. ಕಲ್ಲುಗಣಿಯ ಇಳಿಜಾರಿನಲ್ಲಿ ಅದರ ಎಡಗಡೆಯ ಹಿಂದಿನ ಚಕ್ರ ಕಳಚಿಕೊಂಡು ಗಾಡಿ ಮಗುಚಿತು. ಅಣ್ಣ ಅಲ್ಲೇ ಹೋದ. ಕ್ರೇನು ತಂದು ಎತ್ತಿ ಹಿತ್ತಲಿಗೆ ಹಾಕಿಸಿ, ಮೇಲೆ ಟಾರ್ಪಾಲು ಮುಚ್ಚಿದೆವು. ಅಲ್ಲಿಯವರೆಗೆ ಮೆಕ್ಯಾನಿಕ್ ಆಗಿದ್ದ ನಾನು ಗ್ಯಾರೇಜು ಬಿಟ್ಟು ಒಂದು ಗೋದಾಮಿನ ಗೇಟಿನಲ್ಲಿ ಕೂತು ಒಳಬರುವ ಲಾರಿಗಳ ನಂಬರು ಬರೆಯುವವನಾದೆ. ದುಃಖಕ್ಕೆ ಕೆಲಸ ಬಿಟ್ಟ ಎಂದು ಎಲ್ಲರೂ ಅಂದರು. ನಾನೂ ಹೌದೆಂದೆ.

ನಿಜ ಬೇರೆ ಇತ್ತು. ಮನೆಯಲ್ಲಿ ಯಾರಿಗೂ ಹೇಳದಿದ್ದದ್ದನ್ನು ಇಲ್ಲಿ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ನೇಮವಿತ್ತು. ಚಕ್ರದ ನಟ್ಟು ಬಿಗಿದವನು ಅದಕ್ಕೆ ಗುರುತು ಹಾಕಬಾರದು. ಇನ್ನೊಬ್ಬರು ಬಂದು, ನಟ್ಟಿಗೆ ಸ್ಪ್ಯಾನರ್ ಹಾಕಿ ಒತ್ತಿ ನೋಡಿ, ಅಲುಗದಿದ್ದರೆ ನಟ್ಟು ಮತ್ತು ಚಕ್ರದ ಡಿಸ್ಕು ಎರಡಕ್ಕೂ ತಾಗುವಂತೆ ಒಂದು ಕೆಂಪು ಚುಕ್ಕೆ ಇಡಬೇಕು. ನಟ್ಟು ಸ್ವಲ್ಪ ತಿರುಗಿದರೂ ಚುಕ್ಕೆ ಒಡೆದು ಎರಡು ಹೋಳಾಗುತ್ತದೆ, ಕಂಡುಬಿಡುತ್ತದೆ. ಮದುವೆಯಾದ ಮೇಲೆ ಅಣ್ಣ ಪೇಂಟಿನ ಡಬ್ಬಿ ಬಿಟ್ಟು ಅತ್ತಿಗೆಯ ಉಗುರುಬಣ್ಣ ಕದಿಯತೊಡಗಿದ. ಬೇಗ ಒಣಗುತ್ತದೆ, ಕುಂಚ ಪುಕ್ಕಟೆ ಎನ್ನುತ್ತಿದ್ದ. ಕೊನೆಗೆ ಅತ್ತಿಗೆ ತಾವೂ ಸ್ಪ್ಯಾನರ್ ಒತ್ತಿ ನೋಡುವುದನ್ನು ಕಲಿತರು. ನನ್ನ ಬಣ್ಣ ಖರ್ಚಾಗುವುದಾದರೆ ನಾನೇ ಹಚ್ಚುತ್ತೇನೆ ಎಂಬುದು ಅವರ ನ್ಯಾಯ.

ಅಣ್ಣ ಆರಡಿಗೂ ಮೇಲೆ. ಬೀದಿಯವರು ಅವನನ್ನು ಏಣಿ ಎನ್ನುತ್ತಿದ್ದರು, ನನ್ನನ್ನು ಮೆಣಸಿನಕಾಯಿ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಗಾಡಿ ಮಗುಚಿದ ದಿನ ಮನೆಯಂಗಳದಲ್ಲಿ ಅದರ ಪಂಕ್ಚರಾದ ಚಕ್ರ ಬದಲಿಸುತ್ತಿದ್ದೆ. ಈ ಗಾಡಿಗೆ ಹೊಸ ಬಣ್ಣ ಹೊಡೆದು, ಹಿಂದೆ ಮರದ ಹಲಗೆ ಕೂರಿಸಿ ಚೆಂದ ಮಾಡೋಣ ಎಂದೆ. ಮಂಚ ಸಾಗಿಸಲು ಹೇಳಿಹೋಗಲು ಬಂದಿದ್ದ ಗಿರಾಕಿಗಳ ಎದುರೇ ಅಣ್ಣ, "ಮೊದಲು ಚಕ್ರ ನೆಟ್ಟಗೆ ಹಾಕೋದು ಕಲಿ, ಆಮೇಲೆ ಗಾಡಿಗೆ ಅಲಂಕಾರ ಮಾಡುವಂತೆ," ಎಂದು ನಕ್ಕ. ಅವರೂ ನಕ್ಕರು. ನಾನು ಆರು ನಟ್ಟುಗಳನ್ನೂ ಬರಿಗೈಲಿ ತಿರುಗಿಸಿ ಬಿಟ್ಟು, ಜಾಕ್ ಇಳಿಸಿ, ಸ್ಪ್ಯಾನರನ್ನು ಮಣ್ಣಿಗೆ ಎಸೆದು ಹೊರಟುಹೋದೆ. ಹೇಗೂ ಅವನು ಒತ್ತಿ ನೋಡುತ್ತಾನೆ, ಬಗ್ಗಿ ತಾನೇ ಬಿಗಿಯಲಿ, ಸೊಂಟ ನೋಯಲಿ ಎಂದುಕೊಂಡೆ. ಬಾಯಿಬಿಟ್ಟು ಮಾತ್ರ ಹೇಳಲಿಲ್ಲ.

ರಸ್ತೆಯಲ್ಲಿ ಎರಡು ನಟ್ಟು ಸಿಕ್ಕವು. ಎರಡರ ಮೇಲೂ ಕೆಂಪು ಇತ್ತು. ಗುರುತು ಹಾಕಿದ್ದಾನೆ, ನೋಡಿಯೇ ಹಾಕಿರುತ್ತಾನೆ, ಇನ್ನೇನು ಹಣೆಬರಹ ಎಂದು ಜನ ಸುಮ್ಮನಾದರು. ಆ ಕೆಂಪು ಚುಕ್ಕೆ ನನ್ನನ್ನು ಕಾಪಾಡಿತು. ಅದೇ ನನ್ನನ್ನು ಕೊಂದಿತು ಕೂಡ. ಜೀವಮಾನದಲ್ಲಿ ಒಂದೇ ಒಂದು ಸಲ ಅಣ್ಣ ನನ್ನ ಕೆಲಸವನ್ನು ಪರೀಕ್ಷೆ ಮಾಡದೆ ನಂಬಿದ್ದ, ಅದೂ ಆ ದಿನವೇ ಎಂದು ಹನ್ನೊಂದು ವರ್ಷ ಅಂದುಕೊಂಡೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನಾನು ಕೊಯ್ದದ್ದು ನನ್ನ ಮೂಗೂ ಅಲ್ಲ.

ಟಾರ್ಪಾಲು ತೆಗೆದ ದಿನ ಗಾಡಿಯ ಒಳಗಿಂದ ಹಳೆಯ ರೆಕ್ಸಿನ್ನಿನ, ಇಲಿಯ, ಗ್ರೀಸಿನ ವಾಸನೆ ಒಟ್ಟಿಗೆ ಬಂತು. ಎಂಜಿನ್ ತುಕ್ಕಿಗೆ ಹಿಡಿದುಕೊಂಡಿತ್ತು, ಬಿಚ್ಚಿ ಬಿಡಿಸಬೇಕಾಯಿತು. ನೆಲದ ತಗಡು ಹಪ್ಪಳದಂತೆ ಮುರಿಯಿತು. ಗೋದಾಮಿನಿಂದ ಮೂರಕ್ಕೆ ಬಿಟ್ಟರೆ ಕತ್ತಲಾಗುವವರೆಗೆ ಅದರ ಹತ್ತಿರವೇ ಇರುತ್ತಿದ್ದೆ. ಸೊಟ್ಟಗಾದ ಮೇಲ್ಛಾವಣಿಯನ್ನು ಒಳಗಿಂದ ಮರದ ಸುತ್ತಿಗೆಯಲ್ಲಿ ಬಡಿದು ಎಬ್ಬಿಸಿದೆ. ತುಕ್ಕು ಹಿಡಿದಲ್ಲಿ ಕತ್ತರಿಸಿ ಹೊಸ ತಗಡು ಬೆಸೆದೆ. ಉಪ್ಪುಕಾಗದ ಉಜ್ಜಿದಂತೆಲ್ಲ ಅಣ್ಣನ ನೀಲಿ, ಅದರ ಕೆಳಗೆ ಅಪ್ಪನ ಹಳದಿ ಹೊರಬಂದವು. ಕೈ ಏನನ್ನೂ ಮರೆತಿರಲಿಲ್ಲ. ಅದರಿಂದ ನನಗೆ ಸಂತೋಷವಾಯಿತು, ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಅತ್ತಿಗೆ ಬೂದುಹಸಿರು ಬಣ್ಣ ಬೇಕೆಂದರು. ಹಿಂದೆ ಕುಂಡಗಳಿಗೆ ಮೂರು ಮೆಟ್ಟಿಲಿನ ಕಟ್ಟೆ, ಕೆಳಗೆ ಮಡಚಿದರೆ ಅಂಗಡಿಯ ಮೇಜಾಗುವ ಪಕ್ಕದ ಹಲಗೆ, ನೀರಿನ ಕ್ಯಾನಿಗೆ ಗೂಡು. ಎಲ್ಲವನ್ನೂ ಮಾಡಿದೆ. ಅಣ್ಣ ನಕ್ಕಿದ್ದು ಇಂಥದಕ್ಕೇ ಎಂದು ಒಂದೊಂದು ಹಲಗೆ ಕೂರಿಸುವಾಗಲೂ ನೆನಪಾಗುತ್ತಿತ್ತು. ಅತ್ತಿಗೆಯ ಕಾಲು ಪೆಡಲಿಗೆ ಎಟುಕಲೆಂದು ಸೀಟಿನ ಹಳಿಗೆ ಎಣ್ಣೆ ಬಿಟ್ಟು ಸೀಟನ್ನು ಪೂರ್ತಿ ಮುಂದಕ್ಕೆ ತಂದು ಕೂರಿಸಿದೆ. ಲೇತ್ ಅಂಗಡಿಯ ಗೆಳೆಯ ಹೊಸ ವೀಲ್ ಬೋಲ್ಟುಗಳನ್ನು ಕಡೆದುಕೊಟ್ಟ. ಚಕ್ರ ಹಾಕಿ, ಮೈಭಾರವೆಲ್ಲ ಬಿಟ್ಟು ನಟ್ಟು ಬಿಗಿದೆ. ಗುರುತು ಹಾಕಬೇಕಲ್ಲ. ಅತ್ತಿಗೆಯನ್ನು ಆ ಚಕ್ರದ ಹತ್ತಿರ ಕರೆಯುವ ಧೈರ್ಯ ನನಗಿರಲಿಲ್ಲ. ನಾನೇ ಬಿಗಿದು, ನಾನೇ ಕೆಂಪು ಪೇಂಟು ಮುಟ್ಟಿಸಿದೆ.

ಮರುದಿನ ಬೆಳಿಗ್ಗೆ ಎಡಗಡೆಯ ಹಿಂದಿನ ಚಕ್ರದಲ್ಲಿ ಒಂದು ಚುಕ್ಕೆ ಒಡೆದಿತ್ತು. ನಟ್ಟು ಬೆರಳಲ್ಲೇ ತಿರುಗಿತು.

ಹೊಸ ಬಣ್ಣದ ಮೇಲೆ ನಟ್ಟು ಕೂತರೆ ಬಣ್ಣ ಒತ್ತಿಕೊಂಡು ಸಡಿಲವಾಗುವುದುಂಟು. ನಟ್ಟು ಕೂರುವ ಜಾಗದ ಬಣ್ಣವನ್ನೆಲ್ಲ ಕೆರೆದು ಬರಿ ಕಬ್ಬಿಣ ಮಾಡಿ ಮತ್ತೆ ಬಿಗಿದೆ. ಬೆಳಿಗ್ಗೆ ಮತ್ತೆ ಅದೇ. ಬೋಲ್ಟು ಬದಲಿಸಿದೆ, ನಟ್ಟು ಬದಲಿಸಿದೆ. ಉಳಿದ ಮೂರು ಚಕ್ರಗಳು ಕಲ್ಲಿನ ಹಾಗೆ ನಿಂತಿದ್ದವು. ಗಾಡಿ ಒಂದು ಮಾರು ಕೂಡ ಓಡಿರಲಿಲ್ಲ, ನಿಂತಲ್ಲೇ ಸಡಿಲವಾಗುತ್ತಿತ್ತು. ರಿಪೇರಿಗೆಂದು ಗಾಡಿಯ ಸುತ್ತ ಕಟ್ಟಿದ್ದ ತಗಡಿನ ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಮನೆಯ ಮೊಳೆಗೆ ತೂಗುಹಾಕಿದರೂ ಅಷ್ಟೇ.

ಲೇತಿನವನಿಗೆ ಹೇಳಿದೆ. ಅವನು ಬೀಡಿ ಆರಿಸಿ ನನ್ನ ಮುಖವನ್ನೇ ನೋಡಿದ. "ದೆವ್ವ ಅಂತೀಯಾ? ಅಲ್ವೋ, ದೆವ್ವ ಆಗಿದ್ರೆ ಆರೂ ಬಿಚ್ಚುತ್ತಿತ್ತು. ಒಂದೇ ನಟ್ಟು ಬಿಚ್ಚೋಕೆ ಅದೇನು ದಿನಗೂಲಿ ಮೇಲೆ ಬಂದಿದೆಯಾ?"

ನಾನೂ ನಕ್ಕೆ. ಮರುದಿನದಿಂದ ಸೀಟು ಹಿಂದಕ್ಕೆ ಸರಿಯತೊಡಗಿತು.

ಸಂಜೆ ಮುಂದಕ್ಕೆ ತಳ್ಳಿ, ಟಕ್ಕೆಂದು ಕೊಂಡಿ ಬಿದ್ದದ್ದನ್ನು ಕೇಳಿಯೇ ಬಾಗಿಲು ಹಾಕುತ್ತಿದ್ದೆ. ಬೆಳಿಗ್ಗೆ ಅದು ಹಳಿಯ ಕೊನೆಯ ಹಲ್ಲಿನವರೆಗೆ ಹಿಂದೆ ಹೋಗಿರುತ್ತಿತ್ತು. ಅಷ್ಟು ಹಿಂದೆ ಕೂತರೆ ನನ್ನ ಕಾಲು ಕ್ಲಚ್ಚಿಗೆ ಮುಟ್ಟುವುದಿಲ್ಲ. ಆ ಮನೆಯಲ್ಲಿ ಅಷ್ಟುದ್ದ ಕಾಲು ಇದ್ದದ್ದು ಒಬ್ಬನಿಗೇ. ನಾನು ಬಾಗಿಲು ಹಿಡಿದು ನಿಂತು, ಖಾಲಿ ಸೀಟಿಗೆ, "ನೇರವಾಗಿ ಬೈದುಬಿಡೋ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹೀಗೆ ಹದಿನೆಂಟು ಬೆಳಿಗ್ಗೆ ಕಳೆದವು.

ಮರುದಿನ ಅತ್ತಿಗೆ ಮೊದಲ ಸಲ ಗಾಡಿ ತೆಗೆಯಬೇಕು. ಅದರ ಹಿಂದಿನ ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಸಸಿಯ ತಟ್ಟೆಗಳನ್ನು ತಂದು ಹಿಂದಿನ ಮೆಟ್ಟಿಲುಗಳ ಮೇಲೆ ಜೋಡಿಸುತ್ತಿದ್ದರು. ಹೋಗುವ ದಾರಿ ಅದೇ ಕಲ್ಲುಗಣಿಯ ಇಳಿಜಾರು, ಬೇರೆ ರಸ್ತೆಯಿಲ್ಲ. ಇನ್ನು ಸುಮ್ಮನಿದ್ದರೆ ಎರಡನೇ ಕೊಲೆ ಎಂದು ನನಗೆ ಗೊತ್ತಿತ್ತು.

"ಅತ್ತಿಗೆ, ನಾಳೆ ಗಾಡಿ ತೆಗೀಬೇಡಿ. ನಟ್ಟು ನಿಲ್ತಾ ಇಲ್ಲ."

ಅವರ ಕೈ ತಟ್ಟೆಯ ಮೇಲೆಯೇ ನಿಂತಿತು. "ಎಡಗಡೆ ಹಿಂದಿಂದಾ?"

ನಾನು ಯಾವುದೆಂದು ಹೇಳಿರಲಿಲ್ಲ. ತಲೆಗೆ ಬೆಂಕಿ ಹತ್ತಿತು. "ಹಾಗಾದ್ರೆ ನೀವಾ ಬಿಚ್ತಾ ಇರೋದು? ದಿನಾ ಬೆಳಿಗ್ಗೆ ನನ್ನ ಜೀವ ಹಿಂಡ್ತಾ ಇರೋದು ನೀವಾ?"

"ನಾನ್ಯಾಕೆ ಬಿಚ್ಚಲಿ? ಗಿಡಕ್ಕೆ ನೀರು ಹಾಕೋಕೆ ನಿನಗಿಂತ ಮುಂಚೆ ಏಳ್ತೀನಿ. ಶೆಡ್ಡಿನ ಬಾಗಿಲು ತೆಗೆದು ದಿನಾ ನೋಡ್ತೀನಿ. ಚುಕ್ಕೆ ಒಡೆದಿರುತ್ತೆ." ಅವರ ದನಿ ಸಣ್ಣಗಾಯಿತು. "ನಾನಾಗೇ ಬಾಯಿ ಬಿಡಲಿ ಅಂತ ನೀನೇ ಬಿಚ್ತಿದ್ದೀಯ ಅಂದುಕೊಂಡಿದ್ದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾವಿಬ್ಬರೂ ಹೆಗಲು ಮುಟ್ಟಿಕೊಂಡು ನಿಂತಿದ್ದೆವು. ಅವರು ಬಾಯಿ ಬಿಡುವಂಥದ್ದು ಏನಿದೆ ಎಂದು ನನಗೆ ಹೊಳೆಯಲಿಲ್ಲ. ನನ್ನದು ಗಂಟಲಿಗೆ ಬಂದಾಗಿತ್ತು. ಗಿರಾಕಿಗಳು ನಕ್ಕಿದ್ದು, ಬರಿಗೈಲಿ ತಿರುಗಿಸಿದ್ದು, ಸ್ಪ್ಯಾನರ್ ಎಸೆದದ್ದು, ಎಲ್ಲವನ್ನೂ ಹೇಳಿದೆ. "ಅವನು ನನ್ನನ್ನ ನಂಬಿ ಗುರುತು ಹಾಕಿದ ಅತ್ತಿಗೆ. ನೋಡದೆ ಹಾಕಿದ. ಅವನನ್ನ ಕೊಂದಿದ್ದು ನಾನು."

ಅತ್ತಿಗೆ ಹಲಗೆಯ ಮೇಲೆ ಕುಳಿತರು. ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ಅವರು ಹಾಕಲಿಲ್ಲ," ಎಂದರು. "ನಾನು ಹಾಕಿದ್ದು."

ಆ ದಿನ ಅವರು ಜಗಲಿಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರಂತೆ. ಅಣ್ಣ ಒಳಗೆ ಊಟಕ್ಕೆ ಕೂತವನು, ತಮ್ಮ ಚಕ್ರ ಹಾಕಿ ಹೋಗಿದ್ದಾನೆ, ಸ್ವಲ್ಪ ಒತ್ತಿ ನೋಡಿ ಗುರುತು ಹಾಕು, ನನಗೆ ಹೊತ್ತಾಯಿತು ಎಂದು ಕೂಗಿದ. ಇವರು ಎದ್ದು ಬಂದರು. ಸ್ಪ್ಯಾನರ್ ಮಣ್ಣಿನಲ್ಲಿ ಬಿದ್ದಿತ್ತು.

"ಹತ್ತೂ ಉಗುರು ಹಸಿ ಇತ್ತು ಕಣೋ. ಸ್ಪ್ಯಾನರ್ ಹಿಡಿದ್ರೆ ಕೆಟ್ಟುಹೋಗುತ್ತೆ ಅಂತ... ಮೆಣಸಿನಕಾಯಿ ಬಿಗಿದದ್ದು ತಾನೇ, ಬಿಗಿಯಾಗೇ ಇರುತ್ತೆ ಅಂತ ಆರಕ್ಕೂ ಬರೀ ಚುಕ್ಕೆ ಇಟ್ಟೆ. ನೋಡಿದ್ಯಾ ಅಂತ ಕೇಳಿದ್ರು. ನೋಡಿದೆ ಅಂದೆ."

ಹನ್ನೊಂದು ವರ್ಷ ಅವರ ಬೋಳು ಉಗುರುಗಳನ್ನು ನಾನು ದಿನವೂ ಕಂಡಿದ್ದೆ. ಗಂಡ ಹೋದ ದುಃಖ ಎಂದುಕೊಂಡಿದ್ದೆ. ಒಂದು ನಟ್ಟಿಗೆ ಇಬ್ಬರು ಕಾವಲು ಎಂದು ಅಪ್ಪ ಮಾಡಿದ ನೇಮ. ಇನ್ನೊಬ್ಬರು ನೋಡುತ್ತಾರೆ ಎಂದು ನಾನು ಬಿಗಿಯಲಿಲ್ಲ, ನಾನು ಬಿಗಿದಿರುತ್ತೇನೆ ಎಂದು ಅವರು ನೋಡಲಿಲ್ಲ. ನನಗೆ ಅವರ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಅತ್ತುಬಿಟ್ಟೆ, ಅವರೂ ಅತ್ತರು. ಸಸಿಗಳ ಮಧ್ಯೆ ಕೂತು ಹೀಗೆ ಅಳುವ ಇಬ್ಬರನ್ನು ಯಾರಾದರೂ ನೋಡಿದ್ದರೆ ಗಿಡಕ್ಕೆ ಹುಳು ಬಿದ್ದಿದೆ ಎಂದುಕೊಳ್ಳುತ್ತಿದ್ದರು.

ಕೊನೆಗೆ ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಏಳು, ಬಿಗಿ," ಎಂದರು.

ನಾನು ಆರು ನಟ್ಟುಗಳನ್ನೂ ಬಿಗಿದು ಸ್ಪ್ಯಾನರ್ ಅವರ ಕೈಗೆ ಕೊಟ್ಟೆ. ಅವರು ಒಂದೊಂದಕ್ಕೂ ಅದನ್ನು ಹಾಕಿ, ಎರಡೂ ಕೈಯಿಂದ ಒತ್ತಿ ನೋಡಿದರು. ಆಮೇಲೆ ಪೇಂಟಿನ ಡಬ್ಬಿಗೆ ಕಡ್ಡಿ ಅದ್ದಿ ಚುಕ್ಕೆ ಇಟ್ಟರು. ಹೆಬ್ಬೆರಳಿನ ಉಗುರಿಗೆ ಸ್ವಲ್ಪ ಕೆಂಪು ಮೆತ್ತಿತು. ಒರೆಸಿಕೊಳ್ಳಲಿಲ್ಲ.

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗ ಇಬ್ಬರೂ ಒಟ್ಟಿಗೇ ಇದ್ದೆವು. ಆರೂ ಚುಕ್ಕೆ ಇಡಿಯಾಗಿದ್ದವು. ಸೀಟು ಮುಂದೆಯೇ ಇತ್ತು. ಅತ್ತಿಗೆ ಹತ್ತಿ ಕೂತು ಗಾಡಿ ಎಬ್ಬಿಸಿ ಹೋದರು. ಸಂಜೆ ಖಾಲಿ ಕುಂಡದ ತಟ್ಟೆಗಳೊಂದಿಗೆ, ಮುಖದ ತುಂಬ ಧೂಳಿನೊಂದಿಗೆ ಹಿಂದಿರುಗಿದರು. ಇಳಿಜಾರು ಹೇಗಿತ್ತು ಎಂದೆ. ಇಳಿಜಾರಿನ ಹಾಗೇ ಇತ್ತು ಎಂದರು.

ಅಂದಿನಿಂದ ಒಂದು ದಿನವೂ ನಟ್ಟು ಅಲುಗಿಲ್ಲ. ನೆಮ್ಮದಿಯಾಗಬೇಕಿತ್ತು. ಆದರೆ ಬೆಳಿಗ್ಗೆ ಬಾಗಿಲು ತೆಗೆದು ಇಡಿಯಾದ ಚುಕ್ಕೆಗಳನ್ನು ಕಂಡಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ನಾನು ಹೆದರಿ ಸತ್ತ ಆ ಹದಿನೆಂಟು ಬೆಳಿಗ್ಗೆ ಅಣ್ಣ ಮನೆಯಲ್ಲಿದ್ದ. ಒಮ್ಮೆ ಸ್ಪ್ಯಾನರನ್ನು ನಟ್ಟಿಗೆ ಕೊಟ್ಟು, ನಾನೇ ಒಂದು ಸುತ್ತು ಸಡಿಲಿಸಿದರೆ ಹೇಗೆ ಎಂದು ಯೋಚಿಸುತ್ತ ಕೂತಿದ್ದೆ. ಅತ್ತಿಗೆ ಹೋಗಬೇಕಾದ ದಾರಿ ನೆನಪಾಗಿ ಎದ್ದೆ.

ಮೊನ್ನೆ ತಡೆಯಲಾಗದೆ ಸೀಟನ್ನು ಕೊನೆಯ ಹಲ್ಲಿನವರೆಗೆ ಹಿಂದಕ್ಕೆ ತಳ್ಳಿ, ಸ್ಟೇರಿಂಗ್ ಹಿಡಿದು ಕುಳಿತಿದ್ದೆ. ಕಾಲು ಗಾಳಿಯಲ್ಲಿತ್ತು. ಅತ್ತಿಗೆ ಸಸಿಯ ತಟ್ಟೆ ಹಿಡಿದು ಬಂದವರು ಕಿಟಕಿಯಲ್ಲಿ ನಿಂತು ನನ್ನನ್ನು ನೋಡಿದರು. ನಾನು ಕಳ್ಳನಂತೆ ಇಳಿಯಹೊರಟೆ.

"ಕೂತಿರು," ಎಂದರು. "ನಿನ್ನೆ ನಾನೂ ಹಾಗೇ ತಳ್ಳಿ ಕೂತಿದ್ದೆ."

ತಟ್ಟೆಯನ್ನು ಹಿಂದೆ ಇಟ್ಟು ಬರುವವರೆಗೆ ಕೂತಿದ್ದು, ಆಮೇಲೆ ಸೀಟನ್ನು ಅವರ ಕಾಲಿಗೆ ಎಟುಕುವಷ್ಟು ಮುಂದಕ್ಕೆ ತಂದು ಇಳಿದೆ.