ಒಡಕು ಹೆಂಚು

"ಏ ಮುಂಡೆ, ತಟ್ಟಿದ್ದು ಸಾಕು. ಧಣಿ ಕರೀತಾರೆ. ಕೈ ತೊಳ್ಕೊಂಡು ಬಾ, ನಿನ್ನ ನಾತಕ್ಕೆ ಅವರಿಗೆ ಕಾಫಿ ಇಳಿಲಿಕ್ಕಿಲ್ಲ."

ಅಕ್ಕುವಿಗೆ ಆ ಹೆಸರು ಹೊಸತು. ಕಾರ್ಖಾನೆಯ ಲೆಕ್ಕ ಬರೆಯುವ ರೈಟರ್ ಮೋಹನದಾಸ್ ಅದನ್ನು ರುಚಿ ನೋಡಿಯೇ ಉಗುಳಿದ. ಕೂಳೂರಿನ ಹೊಳೆಬದಿಯಲ್ಲಿ ಆವೆಮಣ್ಣಿನ ಗುಂಡಿ ಕುಸಿದು ಅವಳ ಗಂಡ ದೂಮಪ್ಪ ಸತ್ತು ಇನ್ನೂ ವಾರವಾಗಿರಲಿಲ್ಲ. ಅವಳು ಹೆಂಚಿನ ಕಾರ್ಖಾನೆಯಲ್ಲಿ ಎಂದಿನಂತೆ ಭಟ್ಟಿಯಿಂದ ಇಳಿದ ಹೆಂಚುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳು. ಗಟ್ಟಿ ಹೆಂಚು ಠಣ್ ಅನ್ನುತ್ತದೆ. ಒಡಕಿನದ್ದು ಠಪ್ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ.

ಧಣಿ ಜಗಲಿಯಲ್ಲಿ ಭಾಷಣ ಬಾಯಿಪಾಠ ಮಾಡುತ್ತಿದ್ದರು. ನಾಳೆ ದೂಮಪ್ಪನ ಸಂತಾಪ ಸಭೆ. ಕಲೆಕ್ಟರ್ ದೊರೆಯೂ ಬರುವವರು. ಮಾತಾಡುವವನು ಸಭಿಕರನ್ನು ಮೊದಲೇ ಅರಿತಿರಬೇಕೆಂದು ಮದ್ರಾಸಿನಿಂದ ತರಿಸಿದ ಪುಸ್ತಕದಲ್ಲಿತ್ತು. ಸಭಿಕರ ಮಾದರಿಯಾಗಿ ಅಕ್ಕುವನ್ನು ಅಂಗಳದ ಬಿಸಿಲಲ್ಲಿ ನಿಲ್ಲಿಸಲಾಯಿತು.

"ನಿಮ್ಮ ಹೆಂಗಸರು ಎಂತ ಹೇಳಿದ್ರೆ ಅಳ್ತಾರೆ?"

"ಹೇಳುದು ಬೇಡ ಧಣಿ. ಈಗಲೇ ಅಳ್ತಾ ಇದ್ದಾರೆ."

"ದೂಮಪ್ಪ ಕುಡಿದು ಗುಂಡಿಗೆ ಇಳಿದ ಅಂತ ಹೇಳ್ತೇನೆ. ಯಾರು ಬೊಬ್ಬೆ ಹಾಕಿಯಾರು?"

"ಅವರು ಕುಡೀಲಿಲ್ಲ. ಗುಂಡಿಯ ಗೋಡೆ ಬಿರುಕು ಬಿಟ್ಟುಂಟು ಅಂತ ಬೆಳಿಗ್ಗೆಯೇ ಹೇಳಿದ್ರು. ಬೈದು ಇಳಿಸಿದ್ದು ರೈಟರೇ."

"ಬಾಯಿ ಮುಚ್ಚು, ಬೇವರ್ಸಿ!" ಎಂದ ಮೋಹನದಾಸ್.

ಧಣಿ ನಕ್ಕರು. "ಸತ್ತವನಿಗೆ ಎಂತ ಮಾನ ಹೋಗುದು ಮಾರಾಯ್ತಿ? ನೀನು ಎದುರು ಕೂತು ನನ್ನ ಮಾತಿಗೆ ತಲೆ ಆಡಿಸು. ಕೂಲಿಯವರ ಲೈನಿನ ಕೋಣೆ ನಿನಗೇ ಇರ್ಲಿ. ಇಲ್ಲದಿದ್ರೆ ನಾಳೆಯೇ ಖಾಲಿ ಮಾಡು. ಹೆಂಚು ತಟ್ಟಿ ಒಡಕು ಹೇಳ್ತೀಯಲ್ಲ, ನಿಮ್ಮವರಲ್ಲಿ ಒಡಕು ಯಾರು?"

"ನಮ್ಮವರು ಬೊಬ್ಬೆ ಹಾಕುವವರಲ್ಲ ಧಣಿ."

ಅದನ್ನು ಕೇಳಿ ಅವರಿಗೆ ನೆಮ್ಮದಿಯಾಯಿತು. ಸಂಜೆ ಅಕ್ಕು, ಪಕ್ಕದಲ್ಲಿ ಹೆಂಚು ತಟ್ಟುವ ಲಿಲ್ಲಿಯ ಕಿವಿಯಲ್ಲಿ ಏನೋ ಹೇಳಿದಳು. ಲಿಲ್ಲಿ ಒಡಕಿನ ರಾಶಿಯತ್ತ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು.

ಮರುದಿನ ಶೆಡ್ಡು ತುಂಬಿತ್ತು. ಹೆಂಗಸರು ಸೆರಗು ಹೊದ್ದು, ಕೈಗಳನ್ನು ಅದರೊಳಗೆ ಇಟ್ಟುಕೊಂಡು ಕೂತಿದ್ದರು. ಎಂಥ ಭಕ್ತಿ ಎಂದುಕೊಂಡರು ಧಣಿ. ದೊರೆಯ ಕುರ್ಚಿಯತ್ತ ಬಾಗಿ ಶುರು ಮಾಡಿದರು. "ನಮ್ಮ ದೂಮಪ್ಪ ಒಳ್ಳೆಯವನು. ಆದರೆ ಆ ದಿನ ಕುಡಿದಿದ್ದ." ತಲೆಯಾಡಿಸಲೆಂದು ಅಕ್ಕುವಿನತ್ತ ನೋಡಿದರು.

ಅಕ್ಕು ಸೆರಗಿನೊಳಗಿನಿಂದ ಹೆಂಚೊಂದನ್ನು ತೆಗೆದು ತಟ್ಟಿದಳು.

ಠಪ್.

ಹಿಂದೆ ಲಿಲ್ಲಿ ತಟ್ಟಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಇಡೀ ಶೆಡ್ಡು. ಬೊಬ್ಬೆ ಹಾಕಿದವರು ಒಬ್ಬರೂ ಇಲ್ಲ. ಧಣಿ ದನಿ ಏರಿಸಿದಾಗ ಹೆಂಚುಗಳ ಸದ್ದೂ ಏರಿತು. ನಿಲ್ಲಿಸಿದಾಗ ಅದೂ ನಿಂತು ಕಾಯಿತು. ದೊರೆ ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಧಣಿ ಮೋಹನದಾಸನಿಗೆ ಕಣ್ಸನ್ನೆ ಮಾಡಿದರು. ಅವನು ಹಿಂಬಾಗಿಲಿನಿಂದ ಲೈನಿನ ಕಡೆಗೆ ಜಾರಿಕೊಂಡ.

ಅಕ್ಕು ಎದ್ದು ಹೋಗಿ ಹೆಂಚನ್ನು ಧಣಿಯ ಮೇಜಿನ ಮೇಲಿಟ್ಟಳು.

"ನೀವೇ ತಟ್ಟಿ ನೋಡಿ ಧಣಿ."

ಲೈನಿನ ಕಡೆಯಿಂದ ಅವಳ ಮಡಕೆಗಳು ಅಂಗಳಕ್ಕೆ ಬಿದ್ದು ಒಡೆಯುವ ಸದ್ದು ಕೇಳಿಸತೊಡಗಿತು. ಒಂದೊಂದು ಮಡಕೆಗೂ ಇಡೀ ಶೆಡ್ಡು ಒಮ್ಮೆ ತಟ್ಟುತ್ತಿತ್ತು.