ನರ್ಸಮ್ಮ ಲಿಫ್ಟ್ ರಿಪೇರಿ ಮುಂದೂಡಿದ್ದು

ಲಿಫ್ಟು ಕೆಟ್ಟಾಗ ಕಟ್ಟಡದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಐದನೇ ಮಹಡಿಯ ನರ್ಸಮ್ಮ. ಕೂಗಾಡದೆ ಇನ್ನೇನು ಮಾಡುತ್ತಾರೆ? ವಯಸ್ಸು ಎಪ್ಪತ್ತು ದಾಟಿದೆ, ಎರಡು ಮಂಡಿಗಳೂ ಅವರ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿದೆ, ಮನೆಯೋ ಕಟ್ಟಡದ ತುತ್ತತುದಿಯಲ್ಲಿ. ಆಯಸ್ಸೆಲ್ಲ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಕಳೆದವರು. ಅವರು ಗದರಿದರೆ ಜ್ವರವೂ ಹೆದರಿ ಇಳಿಯುತ್ತಿತ್ತಂತೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿ ಕಳಿಸಿದ್ದರು, ಅಷ್ಟೂ ಸುಳ್ಳು. ಅಂಥವರು ಲಿಫ್ಟ್ ಕಂಪನಿಗೆ ಫೋನ್ ಮಾಡಿ, "ನಿಮ್ಮ ಮ್ಯಾನೇಜರಿಗೆ ಮಂಡಿ ಇದೆಯೇನಪ್ಪಾ?" ಎಂದು ಶುರು ಮಾಡಿದರೆ ಆ ಕಡೆಯವನ ಗತಿ ಏನಾಗಬೇಕು? ಮೋಟಾರಿನ ಯಾವುದೋ ಭಾಗ ಹೊರಗಿನಿಂದ ಬರಬೇಕು, ವಾರಗಟ್ಟಲೆ ಆಗುತ್ತದೆ, ಬಂದ ಕೂಡಲೇ ಮೊದಲು ನಿಮಗೇ ತಿಳಿಸುತ್ತೇನೆ ತಾಯಿ ಎಂದು ನಂಬರು ಬರೆದುಕೊಂಡು ಪಾರಾದ.

ಆ ಲಿಫ್ಟಿನಲ್ಲಿ ನರ್ಸಮ್ಮ ಎಷ್ಟೋ ವರ್ಷ ಏರಿಳಿದಿದ್ದರು. ಆದರೆ ಜೊತೆಗೆ ನಿಂತವರ ಮುಖ ನೋಡಿದ್ದು ಅಷ್ಟಕ್ಕಷ್ಟೇ. ಹೊರಗೆ ಎಂಥ ವಾಚಾಳಿಯಾದರೂ ಸರಿ, ಲಿಫ್ಟಿನೊಳಗೆ ಹೊಕ್ಕ ಕೂಡಲೇ ಮನುಷ್ಯ ಬಾಗಿಲ ಮೇಲೆ ಬದಲಾಗುವ ಅಂಕಿಯನ್ನು ಪರೀಕ್ಷೆಯ ಫಲಿತಾಂಶ ನೋಡುವವನ ಹಾಗೆ ನೋಡುತ್ತಾ ನಿಂತುಬಿಡುತ್ತಾನೆ. ತನ್ನ ಮಹಡಿ ಬಂದರೆ ಬದುಕಿದೆಯಾ ಬಡಜೀವವೇ ಎಂದು ಓಡುತ್ತಾನೆ. ನರ್ಸಮ್ಮನೂ ಓಡಿದವರೇ. ಮನೆ ಸೇರಿ ಬಾಗಿಲಿಗೆ ಚಿಲಕ ಹಾಕಿಕೊಂಡರೆ ಮರುದಿನ ಹಾಲು ತರಲು ಹೊರಟಾಗಲೇ ಆ ಚಿಲಕ ತೆಗೆಯುತ್ತಿದ್ದದ್ದು.

ಈಗ ಹಾಲು ಬೇಕೆಂದರೆ ಮೆಟ್ಟಿಲು ಇಳಿಯಬೇಕು, ಅದಕ್ಕಿಂತ ಕಷ್ಟ, ಮತ್ತೆ ಹತ್ತಬೇಕು. ಮೊದಲ ದಿನ ಹತ್ತುವಾಗ ಅರ್ಧದಾರಿಯಲ್ಲಿ ಜೀವ ಬಾಯಿಗೆ ಬಂತು. ಮರುದಿನ ಇಳಿಯುವಾಗ ಮನೆಯಿಂದ ಒಂದು ಬೆತ್ತದ ಸ್ಟೂಲು ಎತ್ತಿಕೊಂಡು ಹೋಗಿ ಮೂರನೇ ಮಹಡಿಯಲ್ಲಿ, ಲಿಫ್ಟಿನ ಬಾಗಿಲ ಪಕ್ಕ ಮೆಟ್ಟಿಲು ಮುಗಿಯುವ ಕಟ್ಟೆಯ ಮೇಲಿಟ್ಟರು, ಬರುವಾಗ ಕೂತು ಸುಧಾರಿಸಿಕೊಳ್ಳೋಣವೆಂದು. ಹಾಲು ತೆಗೆದುಕೊಂಡು ಏದುಸಿರು ಬಿಡುತ್ತಾ ಬಂದರೆ ಸ್ಟೂಲಿನ ಮೇಲೆ ಒಬ್ಬ ಮುದುಕ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ.

"ಅದು ನನ್ನ ಸ್ಟೂಲು," ಎಂದರು ನರ್ಸಮ್ಮ.

"ಇದು ನನ್ನ ಬಾಗಿಲು," ಎಂದರು ಮೂರನೇ ಮಹಡಿಯ ಟೈಲರು, ಗುಂಡುಸೂಜಿ ತೆಗೆಯದೆಯೇ.

ಇಬ್ಬರೂ ಸೋಲುವ ಪೈಕಿಯಲ್ಲ. ಸುಮಾರು ಹೊತ್ತು ವಾದ ಮಾಡಿದರು. ಅಷ್ಟು ಹೊತ್ತು ನಿಂತದ್ದರಿಂದ ನರ್ಸಮ್ಮನಿಗೆ ಮತ್ತಷ್ಟು ಮಂಡಿ ನೋವು ಬಂತು, ಅದಕ್ಕೂ ಟೈಲರನ್ನೇ ಬೈದರು. ಟೈಲರು ಒಳಗೆ ಹೋಗಿ ತಮ್ಮ ಮಿಷನ್ನಿನ ಮುಂದಿನ ಮರದ ಕುರ್ಚಿ ತಂದು ಪಕ್ಕದಲ್ಲಿಟ್ಟು, ಅದರ ಮೇಲೆ ತಾವು ಕೂತು, ಸ್ಟೂಲು ಬಿಟ್ಟುಕೊಟ್ಟರು. ಮಾತು ಮುಂದುವರಿಯಿತು. ಹಾಲು ಒಡೆದುಹೋಗುವ ತನಕ ಮುಂದುವರಿಯಿತು ಎಂದರೆ ನೀವೇ ಲೆಕ್ಕ ಹಾಕಿ.

ಅಲ್ಲಿಂದ ಶುರುವಾಯಿತು ನೋಡಿ. ನಾಲ್ಕನೇ ಮಹಡಿಯಲ್ಲಿ ಪೋಸ್ಟಣ್ಣ ಇದ್ದರು. ಊರಿನ ಮನೆಮನೆಗೆ ಕಾಗದ ಹಂಚಿ ನಿವೃತ್ತರಾದ ಮೇಲೆ ತಮಗೇ ಒಂದು ಕಾಗದ ಬರುವುದಿಲ್ಲವೆಂದು ಮುನಿಸಿಕೊಂಡು ಮನೆಯೊಳಗೆ ಕೂತಿದ್ದ ವಿಧುರ. ಅವರು ತಮ್ಮ ಕಟ್ಟೆಗೊಂದು ಕಬ್ಬಿಣದ ಕುರ್ಚಿ ಹಾಕಿದರು. ಎರಡನೇ ಮಹಡಿಯಲ್ಲಿ ಲೆಕ್ಕದ ಮೇಷ್ಟರೂ ಅವರ ಹೆಂಡತಿಯೂ. ಮೇಷ್ಟರು ಶಾಲೆಯಲ್ಲಿ ಮಾತನಾಡಬೇಕಾದ್ದನ್ನೆಲ್ಲ ಆಡಿ ಮುಗಿಸಿದ್ದರು, ಈಗ ಹೆಂಡತಿಯ ಸರದಿ. ಅವರು ಎರಡು ಕುರ್ಚಿ ಹಾಕಿದರು. ಹೀಗೆ ಮೆಟ್ಟಿಲು ಹತ್ತುವವರು ಕೂರುವುದು, ಕೂತವರು ಮಾತಿಗೆಳೆಯುವುದು, ಮಾತಿಗೆ ಸಿಕ್ಕವರು ಹತ್ತುವುದನ್ನೇ ಮರೆಯುವುದು.

ನರ್ಸಮ್ಮ ಸುಮ್ಮನೆ ಕೂರುವ ಜಾತಿಯಲ್ಲ. ಮನೆಯಲ್ಲಿ ಧೂಳು ತಿನ್ನುತ್ತಿದ್ದ ಬಿಪಿ ಮಿಷನ್ನು ಕೆಳಗಿಳಿಸಿದರು. ಪೋಸ್ಟಣ್ಣ ಬೆಳಗಿನ ಮಾತ್ರೆಯನ್ನೂ ಸಂಜೆಯ ಮಾತ್ರೆಯನ್ನೂ ಒಟ್ಟಿಗೇ ನುಂಗುತ್ತಿದ್ದ ಸಂಗತಿ ಆಗಲೇ ಹೊರಬಿದ್ದದ್ದು. ಹಾಗೆ ನುಂಗಿದರೆ ಸಂಜೆ ಮರೆಯುವ ಪ್ರಶ್ನೆಯೇ ಇಲ್ಲವಲ್ಲ ಎನ್ನುವುದು ಅವರ ವಾದ. ನರ್ಸಮ್ಮ ಅವರ ಗ್ರಹಚಾರ ಬಿಡಿಸಿದರು. ಮೇಷ್ಟರಿಗೆ ತಲೆ ಸುತ್ತುತ್ತದೆಯೇ ಎಂದು ಕೇಳಿದರೆ ಹೆಂಡತಿ ಉತ್ತರ ಹೇಳುವರು, ನಾಲಿಗೆ ತೋರಿಸಿ ಎಂದರೆ ಹೆಂಡತಿಯೇ ತೋರಿಸುವರು. ಟೈಲರು ಎಲ್ಲರ ಹರಿದ ಬಟ್ಟೆಗೂ ಕೂತಲ್ಲೇ ಹೊಲಿಗೆ ಹಾಕಿಕೊಡುತ್ತಿದ್ದರು, ಜೊತೆಗೆ ಯಾರು ಎಷ್ಟು ದಪ್ಪಗಾಗಿದ್ದಾರೆಂದು ಕಣ್ಣಳತೆಯಲ್ಲೇ ಹೇಳಿ ಬೈಸಿಕೊಳ್ಳುತ್ತಿದ್ದರು.

ಸಾಮಾನು ತರುವುದಕ್ಕೂ ಒಂದು ದಾರಿಯಾಯಿತು. ಮೇಷ್ಟರ ಹೆಂಡತಿ ಅಂಗಡಿಗೆ ಹೋಗಿಬಂದರೆ ಚೀಲಗಳು ಕೈಯಿಂದ ಕೈಗೆ, ಕಟ್ಟೆಯಿಂದ ಕಟ್ಟೆಗೆ ಮೇಲೇರುತ್ತಿದ್ದವು. ಕೆಳಗಿನಿಂದ ಅರ್ಧ ಡಜನ್ ಬಾಳೆಹಣ್ಣು ಹೊರಟರೆ ಐದನೇ ಮಹಡಿಗೆ ತಲುಪುವುದು ನಾಲ್ಕು. ನರ್ಸಮ್ಮ ವಿಚಾರಣೆ ಮಾಡಿದಾಗ ಟೈಲರು ಸಿಪ್ಪೆಯನ್ನು ಬೆನ್ನ ಹಿಂದೆ ಮರೆಮಾಡಿ, ಅದು ಸಾಗಣೆ ಖರ್ಚು ಎಂದರು.

ಒಂದು ಮಧ್ಯಾಹ್ನ ಕಂಪನಿಯಿಂದ ಫೋನ್ ಬಂತು. ಸಾಮಾನು ಬಂದಿದೆ ತಾಯಿ, ನಾಳೆಯೇ ಮೆಕ್ಯಾನಿಕ್ ಬರುತ್ತಾನೆ, ಒಂದೇ ದಿನದ ಕೆಲಸ. ನರ್ಸಮ್ಮ ಸಂತೋಷದಿಂದ ಕುಣಿಯಬೇಕಿತ್ತು. ಕುಣಿಯಲಿಲ್ಲ. ಲಿಫ್ಟು ಸರಿಹೋದರೆ ಎಲ್ಲರೂ ಮತ್ತೆ ಅಂಕಿ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಯಾರ ತೋಳಿಗೆ ಪಟ್ಟಿ ಸುತ್ತುವುದು, ಯಾರನ್ನು ಗದರುವುದು, ಯಾರ ಜೊತೆ ಜಗಳವಾಡುವುದು? ಮತ್ತೆ ಅದೇ ಚಿಲಕ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. ಕಟ್ಟಡದ ಮಕ್ಕಳಿಗೆ ಪರೀಕ್ಷೆ ನಡೆಯುತ್ತಿದೆ, ಈಗ ಕುಟ್ಟಿ ತಟ್ಟಿ ಸದ್ದು ಮಾಡಿದರೆ ಓದಿದ್ದೆಲ್ಲ ಮರೆತುಹೋಗುತ್ತದೆ, ಮುಂದಿನ ವಾರ ನೋಡೋಣ.

ಮುಂದಿನ ವಾರ ಗೋಡೆಗೆ ಬಣ್ಣ ಬಳಿಯುತ್ತಿದ್ದಾರೆ ಎಂದರು. ಅದರ ಮುಂದಿನ ವಾರ ಬಣ್ಣ ಒಣಗಿರಲೇಬೇಕಲ್ಲ, ಹಾಗಾಗಿ ಕಟ್ಟಡದಲ್ಲಿ ಮದುವೆ ಇದೆ ಎಂದರು. ಯಾರ ಮದುವೆ ಎಂದು ಆ ಕಡೆಯವನು ಕೇಳಲಿಲ್ಲ, ಅವನ ಪುಣ್ಯ. ಸಂಜೆ ಕಟ್ಟೆಯ ಮೇಲೆ ಮಾತ್ರ ನರ್ಸಮ್ಮ ಎಂದಿನಂತೆ ಲಿಫ್ಟ್ ಕಂಪನಿಯ ಸೋಮಾರಿತನಕ್ಕೆ ಹಿಡಿಶಾಪ ಹಾಕಿದರು. ಮೇಷ್ಟರ ಹೆಂಡತಿ ದನಿಗೂಡಿಸಿದರು. ಟೈಲರು ಮಾತ್ರ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ನರ್ಸಮ್ಮ ಇಳಿದು ಬಂದು, ಸ್ಟೂಲಿನ ಮೇಲೆ ಕೂತು, ಟೈಲರ ಅಂಗಿಯ ಗುಂಡಿ ಮೇಲೆ ಕೆಳಗಾಗಿದೆ, ಊರವರ ಬಟ್ಟೆ ಹೊಲಿಯುವವರ ಅವತಾರ ನೋಡಿ ಎಂದು ಕೆಣಕಿದರು. ಉತ್ತರ ಬರಲಿಲ್ಲ. ಟೈಲರು ಜಗಳಕ್ಕೆ ಬರುತ್ತಿಲ್ಲ ಎಂದ ಕೂಡಲೇ ನರ್ಸಮ್ಮನಿಗೆ ಏನೋ ಸರಿಯಿಲ್ಲ ಎನ್ನಿಸಿತು. ತಿರುಗಿ ನೋಡಿದರೆ ಹಣೆಯಲ್ಲಿ ಬೆವರು, ಮುಖ ಬಿಳಿಚಿಕೊಂಡಿದೆ, ಬಲಗೈ ಎಡತೋಳನ್ನು ನೀವುತ್ತಿದೆ. ಗ್ಯಾಸು ಎಂದರು ಟೈಲರು. ಗಂಡಸರ ವಾರ್ಡಿನಲ್ಲಿ ಎಷ್ಟು ಜನರ ಬಾಯಲ್ಲಿ ಆ ಮಾತು ಕೇಳಿದ್ದರೋ ನರ್ಸಮ್ಮ. ಆಂಬುಲೆನ್ಸಿಗೆ ಫೋನ್ ಮಾಡಿದರು. ಮಾಡಿ, ಅಭ್ಯಾಸಬಲದಿಂದ ಕೈ ಚಾಚಿ ಲಿಫ್ಟಿನ ಗುಂಡಿ ಒತ್ತಿದರು.

ಗುಂಡಿಯ ದೀಪ ಹತ್ತಲಿಲ್ಲ. ಪರೀಕ್ಷೆ, ಬಣ್ಣ, ಮದುವೆ ಎಲ್ಲವೂ ಒಟ್ಟಿಗೆ ಬಂದು ಅವರ ಕುತ್ತಿಗೆ ಹಿಡಿದವು.

ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ಬಗ್ಗಿ, ವಾರ್ಡಿನ ದನಿಯಲ್ಲಿ ಮೇಲಕ್ಕೂ ಕೆಳಕ್ಕೂ ಕೂಗಿದರು. ಕೂತ ಕುರ್ಚಿಯ ಸಮೇತ ಟೈಲರನ್ನು ಎತ್ತಬೇಕೆಂದು ತೀರ್ಮಾನವಾಯಿತು. ಪೋಸ್ಟಣ್ಣ ಹಿಂದಿನಿಂದ ಹಿಡಿದರು, ಓಡಿಬಂದ ಮೇಷ್ಟರು ಮುಂದಿನ ಕಾಲುಗಳನ್ನು ಹಿಡಿದರು, ಮೇಷ್ಟರ ಹೆಂಡತಿ ಎಡಕ್ಕೆ, ಬಲಕ್ಕೆ, ನಿಧಾನ ಎನ್ನುತ್ತಾ ಎದುರಿನಿಂದ ದಾರಿ ಬಿಡಿಸುತ್ತಿದ್ದರು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಮೇಷ್ಟರ ದಮ್ಮು ಮುಗಿಯಿತು. ಅಷ್ಟರಲ್ಲಿ ಮೊದಲನೇ ಮಹಡಿಯ ಲಾರಿ ಡ್ರೈವರ್ ಬನಿಯನ್ನಿನಲ್ಲೇ ಮೇಲೆ ಬಂದಿದ್ದ. ಆಳು ಆನೆಯಂತಿದ್ದ, ಅವನ ಪ್ಯಾಂಟಿನ ಸೊಂಟವನ್ನು ಟೈಲರು ಮೊನ್ನೆಯಷ್ಟೇ ಬಿಚ್ಚಿ ಅಗಲ ಮಾಡಿಕೊಟ್ಟಿದ್ದರು. ಅವನು ಹಿಡಿದ ಮೇಲೆ ಕುರ್ಚಿ ಮೇನೆಯ ಹಾಗೆ ಇಳಿಯತೊಡಗಿತು. ನರ್ಸಮ್ಮ ಪಕ್ಕದಲ್ಲೇ ನಾಡಿ ಹಿಡಿದುಕೊಂಡು ಇಳಿಯುತ್ತಿದ್ದರು. ಮಂಡಿ ಇದೆಯೋ ಇಲ್ಲವೋ ಅವರಿಗೆ ನೆನಪಿರಲಿಲ್ಲ.

ಟೈಲರು ಕಣ್ಣು ಅರೆಬಿಟ್ಟು ಕ್ಷೀಣವಾಗಿ ಹೇಳಿದರು: "ನರ್ಸಮ್ಮ, ಪೂರ್ತಿ ತಲುಪಿಸಿ. ನನ್ನಲ್ಲಿ ಯಾರೂ ಸಾಗಣೆ ಖರ್ಚು ಹಿಡ್ಕೋಬೇಡಿ."

ನರ್ಸಮ್ಮ ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂದು ಮೆಟ್ಟಿಲು ಕಾಣದಂತಾಯಿತು.

ಹೃದಯದ್ದೇ ತೊಂದರೆ, ಸಮಯಕ್ಕೆ ತಂದಿರಿ, ಬದುಕಿಕೊಂಡರು ಎಂದರು ಡಾಕ್ಟರು. ಪೋಸ್ಟಣ್ಣ ಕೈಮುಗಿದರು. ನರ್ಸಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಮೆಟ್ಟಿಲ ಮೇಲೆ ಒಬ್ಬರ ಕೈ ಜಾರಿದ್ದರೆ? ಮೇಷ್ಟರೇ ಕುಸಿದಿದ್ದರೆ? ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಕಂಪನಿಗೆ ಫೋನ್ ಮಾಡಿದರು.

"ಮದುವೆ ಮುಗೀತಾ ತಾಯಿ?" ಎಂದು ಕೇಳಿದ ಆ ಕಡೆಯವನು.

"ಮುರಿದುಬಿತ್ತು. ನಾಳೆನೇ ಬನ್ನಿ."

ಮರುದಿನ ಸಂಜೆಗೆ ಲಿಫ್ಟು ಹೊಸ ಮೋಟಾರು ಹಾಕಿಕೊಂಡು ಬೆಣ್ಣೆಯಲ್ಲಿ ಜಾರಿದಂತೆ ಓಡಾಡತೊಡಗಿತು. ಕಟ್ಟಡವೇ ಖುಷಿಪಟ್ಟಿತು, ಪಡಬೇಕಾದ್ದೇ. ಅದರ ಮಾರನೆಯ ಬೆಳಗ್ಗೆ ನರ್ಸಮ್ಮ ಬೇಕೆಂದೇ ಮೆಟ್ಟಿಲು ಇಳಿದು ನೋಡಿದರು. ನಾಲ್ಕನೇ ಕಟ್ಟೆ ಖಾಲಿ, ಟೈಲರು ಆಸ್ಪತ್ರೆಯಲ್ಲಿರುವಾಗ ಮೂರನೆಯದು ಹೇಗೂ ಖಾಲಿ, ಎರಡನೆಯದರಲ್ಲಿ ಮೇಷ್ಟರ ಟವೆಲು ಒಣಗುತ್ತಿತ್ತು. ಎಲ್ಲರಿಗೂ ಮಂಡಿ ಇದೆ, ಯಾಕೆ ಹತ್ತಿಳಿಯುತ್ತಾರೆ, ಯಾರನ್ನು ದೂರುವುದು? ತಮ್ಮ ಕೈಯಾರೆ ತಾವೇ ಮಾಡಿಸಿದ ಕೆಲಸ. ಹಾಲು ತಂದು, ಲಿಫ್ಟಿನಲ್ಲಿ ಮೇಲೆ ಬಂದು, ಚಿಲಕ ಹಾಕಿಕೊಂಡು, ಬಿಪಿ ಮಿಷನ್ನನ್ನು ಕಪಾಟಿಗೆ ಸೇರಿಸಿದರು. ಆ ದಿನ ಊಟವನ್ನೂ ಮಾಡಲಿಲ್ಲ.

ಆದರೂ ಹೇಳಬೇಕಾದವರಿಗೆ ಹೇಳಲೇಬೇಕಿತ್ತು. ಆಸ್ಪತ್ರೆಗೆ ಹೋಗಿ, ಟೈಲರ ಮಂಚದ ಪಕ್ಕ ನಿಂತು, ರಿಪೇರಿ ನಿಲ್ಲಿಸಿದ್ದು ನಾನೇ, ಮೂರು ಸಲ ಸುಳ್ಳು ಹೇಳಿದೆ, ನಿಮ್ಮ ಜೀವಕ್ಕೆ ಸಂಚಕಾರ ತಂದೆ ಎಂದು ಒಂದೇ ಉಸಿರಿಗೆ ಒಪ್ಪಿಸಿದರು.

ಟೈಲರು ದಿಂಬಿಗೆ ಒರಗಿ ಕೇಳಿಸಿಕೊಂಡರು. ಕಂಪನಿಯವನು ಅನುಮಾನ ಬಂದು, ಕಟ್ಟಡದವರ ಪಟ್ಟಿಯಲ್ಲಿ ನಂಬರು ಹುಡುಕಿ ತಮಗೂ ಫೋನ್ ಮಾಡಿದ್ದನೆಂದೂ, ಕಟ್ಟಡದಲ್ಲಿ ನಿಜವಾಗಿಯೂ ಮದುವೆ ಇದೆಯೇ ಎಂದು ಕೇಳಿದನೆಂದೂ ಹೇಳಿದರು.

"ನೀವೇನಂದ್ರಿ?"

"ಭಾರೀ ಮದುವೆ, ಬಟ್ಟೆ ಹೊಲಿಯೋದು ಇನ್ನೂ ಮುಗಿದಿಲ್ಲ ಅಂದೆ."

ನರ್ಸಮ್ಮನಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಹಾಗಿದ್ದರೂ ಲಿಫ್ಟಿದ್ದಿದ್ದರೆ ಅಷ್ಟು ಪಡಿಪಾಟಲಿಲ್ಲದೆ ಕ್ಷಣದಲ್ಲಿ ಇಳಿಸಬಹುದಿತ್ತಲ್ಲ ಎಂದರು.

"ಇಳಿಸೋದಕ್ಕೆ ಲಿಫ್ಟ್ ಸಾಕು ನರ್ಸಮ್ಮ. ಇಳಿಸ್ಬೇಕು ಅಂತ ಗೊತ್ತಾಗೋದು ಯಾರಿಗೆ? ಲಿಫ್ಟಿದ್ದಾಗ ನಾನು ಬಾಗಿಲು ಹಾಕ್ಕೊಂಡು ಒಳಗೆ ಇರ್ತಿದ್ದೆ. ಗ್ಯಾಸು ಅಂತ ನನಗೆ ನಾನೇ ಹೇಳ್ಕೊಂಡು ಮಲಗ್ತಿದ್ದೆ."

ಟೈಲರ ಹೊದಿಕೆ ಸರಿಯಾಗಿಯೇ ಇತ್ತು, ನರ್ಸಮ್ಮ ಅದನ್ನು ಮತ್ತೊಮ್ಮೆ ಸರಿಮಾಡಿದರು.

ಆಸ್ಪತ್ರೆಯಿಂದ ಟೈಲರನ್ನು ಮನೆಗೆ ಕಳಿಸಿದ ದಿನ ನರ್ಸಮ್ಮನೇ ಕರೆದುಕೊಂಡು ಬಂದರು. ಮೆಟ್ಟಿಲು ಹತ್ತಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಇಬ್ಬರೂ ಲಿಫ್ಟಿನಲ್ಲಿ ನಿಂತರು. ನರ್ಸಮ್ಮ ಮೂರನ್ನು ಒತ್ತಿ ಅಂಕಿ ನೋಡುತ್ತಾ ನಿಂತರು, ಎಲ್ಲರ ಹಾಗೇ. ಬಾಗಿಲು ತೆರೆಯಿತು. ಟೈಲರು ಇಳಿಯಲಿಲ್ಲ. ನಿಮ್ಮ ಮಹಡಿ ಬಂತು ಎಂದರೆ, ಬಂದರೆ ಬರಲಿ ಎಂದು ಕೈ ಚಾಚಿ ಐದನ್ನು ಒತ್ತಿದರು.

"ಎಲ್ಲಿಗೆ?"

"ನಿಮ್ಮನೆಗೆ. ಇಷ್ಟು ದಿನ ನೀವೇ ಇಳಿದು ಬರ್ತಿದ್ರಿ. ಐದು ಹತ್ತೋ ಶಕ್ತಿ ನನಗೆ ಯಾವತ್ತು ಇತ್ತು?"

ನರ್ಸಮ್ಮ ಗಾಬರಿಯಾದರು. ಮನೆ ಗುಡಿಸಿಲ್ಲ, ಪಾತ್ರೆ ತೊಳೆದಿಲ್ಲ, ಹೇಳದೆ ಕೇಳದೆ ಬಂದರೆ ಹೇಗೆ, ರೋಗಿಯಾದವರು ಮಲಗಬೇಕು ಎಂದು ದಾರಿಯುದ್ದಕ್ಕೂ ಬೈದರು. ಬೈಯುತ್ತಲೇ ಲಿಫ್ಟಿನ ಕನ್ನಡಿಯಲ್ಲಿ ತಲೆಗೂದಲು ಸವರಿಕೊಂಡರು. ಬೀಗ ತೆಗೆಯುವಾಗ ಬೀಗದ ಕೈ ಎರಡು ಸಲ ಕೆಳಗೆ ಬಿತ್ತು. ಈ ಮನೆಗೆ ಬಂದ ಮೇಲೆ ಬೇರೆ ಯಾರೂ ಈ ಹೊಸಿಲು ದಾಟಿರಲಿಲ್ಲ. ಟೈಲರು ದಾಟಿದರು. ದಾಟಿ, ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು, ಪರದೆ ಒಂದು ಗೇಣು ಗಿಡ್ಡವಾಗಿದೆ ಎಂದು ತಪ್ಪು ಹಿಡಿದರು.

ನರ್ಸಮ್ಮ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು. ಹಿಂತಿರುಗಿ ಬಂದು ಬಾಗಿಲು ಮುಚ್ಚಿ ಚಿಲಕಕ್ಕೆ ಕೈ ಹಾಕಿದರು.

"ತೆಗೆದಿರಲಿ," ಎಂದರು ಟೈಲರು. "ಆಸ್ಪತ್ರೆಯಿಂದ್ಲೇ ಪೋಸ್ಟಣ್ಣಂಗೂ ಮೇಷ್ಟ್ರಿಗೂ ಫೋನ್ ಮಾಡಿದೀನಿ, ನರ್ಸಮ್ಮನ ಮನೇಲಿ ಸಿಗ್ತೀನಿ ಅಂತ."

ಯಾರನ್ನು ಕೇಳಿ ಫೋನ್ ಮಾಡಿದಿರಿ ಎಂದು ನರ್ಸಮ್ಮ ರೇಗಿದರು. ಹೊರಗೆ ಲಿಫ್ಟು ಸದ್ದು ಮಾಡುತ್ತಾ ಕೆಳಗಿಳಿಯಿತು, ಎರಡನೇ ಮಹಡಿಯಲ್ಲಿರಬೇಕು, ನಿಂತಿತು. ಮೇಷ್ಟರ ಹೆಂಡತಿಯ ದನಿ ಅಷ್ಟು ದೂರದಿಂದಲೇ ಕೇಳಿಸಿತು. ಮತ್ತೆ ಮೇಲೆ ಬರತೊಡಗಿತು. ನರ್ಸಮ್ಮ ಬಾಗಿಲನ್ನು ಗೋಡೆಗೆ ತಾಗುವಷ್ಟು ಹಿಂದಕ್ಕೆ ತಳ್ಳಿದರು. ಆಮೇಲೆ ಎಲ್ಲರನ್ನೂ ಬೈಯುತ್ತಾ ಒಳಗೆ ಹೋಗಿ ಪಾತ್ರೆಗೆ ಇನ್ನಷ್ಟು ನೀರು ಸುರಿದರು.