ಬೈಲಹೊಂಗಲದ ಮನೆ

ಗೋವೆಯ ಕೊರ್ಲಿಮ್‌ನ ಆ ಕಾರ್ಖಾನೆಯಲ್ಲಿ ಅಡಿವೆಯ್ಯನಷ್ಟು ನಿರಾಳವಾಗಿ ನಿವೃತ್ತರಾದವರು ಇನ್ನೊಬ್ಬರಿರಲಿಲ್ಲ. ಉಳಿದವರು ಕೊನೆಯ ವರ್ಷ ಬಂತೆಂದರೆ ಮುಖ ಸಣ್ಣದು ಮಾಡಿಕೊಂಡು ಓಡಾಡುತ್ತಿದ್ದರು. ಪಾಳಿ ಇಲ್ಲದ ದಿನ ಬೆಳಗಾದರೆ ಎದ್ದು ಎಲ್ಲಿಗೆ ಹೋಗುವುದು ಎಂಬುದೇ ಅವರ ಚಿಂತೆ. ಅಡಿವೆಯ್ಯನಿಗೆ ಅದೂ ಗೊತ್ತಿತ್ತು. ಎದ್ದು ಹಳ್ಳದ ದಂಡೆಯ ತನಕ ತಿರುಗಾಡುವುದು, ಬಂದು ಪೂಜೆ, ಮಧ್ಯಾಹ್ನ ಸಣ್ಣ ನಿದ್ದೆ, ಸಂಜೆ ಮಠದಲ್ಲಿ ಭಜನೆ. ಭಜನೆಗೆ ಬೇಕಾಗುತ್ತದೆಂದು ಐವತ್ತು ದಾಟಿದ ಮೇಲೆ ಹಾರ್ಮೋನಿಯಂ ಕಲಿತಿದ್ದ. ಬೈಲಹೊಂಗಲದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಸುಣ್ಣಬಣ್ಣವನ್ನೂ ಮುಗಿಸಿದ್ದ. ಮುಂದೆ ಮೊಣಕಾಲು ನೋಯಬಹುದೆಂದು ಒಂದೂ ಮೆಟ್ಟಿಲಿಲ್ಲದ ಮನೆ. ಹೆಂಡತಿ ಅನ್ನಪೂರ್ಣವ್ವ ಗಿಡ್ಡವಳು, ಅದಕ್ಕೇ ಅಡುಗೆಕಟ್ಟೆಯನ್ನು ಅವಳ ಅಳತೆಗೆ ತಗ್ಗಿಸಿ ಕಟ್ಟಿಸಿದ್ದ.

2006ರ ಏಪ್ರಿಲ್‌ನಲ್ಲಿ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದಾಗ ಅವನು ಅಳಲಿಲ್ಲ. "ನಾ ಎಲ್ಲಾ ತಯಾರಿ ಮಾಡ್ಕೊಂಡೇನ್ರಿ. ನನಗೇನೂ ಅಂಜಿಕಿ ಇಲ್ಲ" ಎಂದು ನಗುತ್ತ ಹೇಳಿ ಚಪ್ಪಾಳೆ ಗಿಟ್ಟಿಸಿದ. ಅವನ ಜೊತೆಯಲ್ಲೇ ಫಿಟರ್ ಆಗಿದ್ದ, ಇನ್ನೆರಡು ವರ್ಷಕ್ಕೆ ತಾನೂ ಮನೆಗೆ ಹೋಗಬೇಕಾಗಿದ್ದ ಸೋಮಲಪ್ಪ, ಗೇಟಿನ ತನಕ ಬಂದು ಕೈ ಹಿಡಿದುಕೊಂಡ.

"ಅಯ್ಯಾರ, ನಿಮ್ಮಂಗ ಧೈರ್ಯ ಇರಬೇಕ್ರಿ. ನನಗರ ಈಗಿಂದನ ನಿದ್ದಿ ಹತ್ತವಲ್ದು."

"ಮನಸ್ಸಿನ್ಯಾಗ ಒಂದು ಜಾಗಾ ನಿಕ್ಕಿ ಮಾಡ್ಕೊ ಸೋಮಲಪ್ಪ. ಇಂಥಲ್ಲಿ ಹೋಗಿ ಕೂಡೂದು ಅಂತ. ಆಮ್ಯಾಲ ನಿದ್ದಿ ತಾನ ಬರತೈತಿ."

ಮನೆಯ ನಕ್ಷೆ ತೋರಿಸಿದಾಗೆಲ್ಲ ಅನ್ನಪೂರ್ಣವ್ವ "ಚಲೋ ಆತು ಬಿಡ್ರಿ" ಎನ್ನುತ್ತಿದ್ದಳು. ವಾಸ್ತುಪೂಜೆಗೆ ಬಂದು ಹಾಲುಕ್ಕಿಸಿದ್ದಳು. ಹುಬ್ಬಳ್ಳಿಗೆ ಮದುವೆಯಾಗಿ ಹೋದ ಮಗಳು ಮಲ್ಲಿಕಾ "ಇನ್ನ ವಾರಕ್ಕೊಮ್ಮೆ ತವರಿಗೆ ಬರಬಹುದು" ಎಂದು ಕುಣಿದಾಗ ಅವಳೂ ನಕ್ಕಿದ್ದಳು. ಇದಕ್ಕಿಂತ ಹೆಚ್ಚಿಗೆ ಕೇಳಬೇಕೆಂದು ಅಡಿವೆಯ್ಯನಿಗೆ ಅನಿಸಿರಲಿಲ್ಲ.

ಸಾಮಾನು ಒಯ್ಯಲು ಟೆಂಪೋ ಬಂದ ದಿನ, ಬಾಡಿಗೆ ಮನೆಯ ಒಡತಿ ಗಂಗೀಬಾಯಿ ಅಂಗಳದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಪಾಟು, ಮಂಚ, ಹಾರ್ಮೋನಿಯಂ ಎಲ್ಲ ಏರಿದವು. ಅನ್ನಪೂರ್ಣವ್ವನ ಟ್ರಂಕ್ ಮಾತ್ರ ಕಾಣಲಿಲ್ಲ. ಒಳಗೆ ಹೋಗಿ ನೋಡಿದರೆ ಅದು ಮೂಲೆಯಲ್ಲಿ ಇದ್ದಲ್ಲೇ ಇತ್ತು. ಅವಳು ಒಲೆಯ ಮುಂದೆ ಕೂತಿದ್ದಳು. ಒಂದು ತಾಟು, ಒಂದು ಚರಿಗೆ, ಎರಡು ಪಾತ್ರೆ ಪಕ್ಕಕ್ಕೆ ತೆಗೆದಿಟ್ಟುಕೊಂಡಿದ್ದಳು.

"ಏಳು, ಹೊತ್ತಾತು."

"ನಾ ಬರಂಗಿಲ್ರಿ."

"ಎಲ್ಲಿಗೆ ಬರಂಗಿಲ್ಲ?"

"ಹೊಂಗಲಕ್ಕ. ನೀವು ಹೋಗ್ರಿ. ಗಂಗೀಬಾಯಿಗೆ ಹೇಳೇನಿ, ಈ ಒಂದು ಖೋಲಿ ನನಗ ಬಿಡ್ತಾಳ."

ಅಡಿವೆಯ್ಯ ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ಸಿಟ್ಟು ಬಂತು. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ.

"ಹುಚ್ಚು ಹಿಡದೈತೇನು ನಿನಗ? ಈ ಊರಾಗ ಯಾರದಾರ ನಮ್ಮವರು?"

ಅವಳು ಒಲೆಯ ಕಡೆ ನೋಡುತ್ತಲೇ ಹೇಳಿದಳು. "ದ್ರಾಕ್ಷಿ ಅದಾಳಲ್ರಿ."

ಆ ಹೆಸರು ಆ ಮನೆಯೊಳಗೆ ಕೇಳಿ ಎಷ್ಟೋ ವರ್ಷಗಳಾಗಿದ್ದವು. ದ್ರಾಕ್ಷಾಯಿಣಿ ಅವರ ಚೊಚ್ಚಲ ಮಗು. ಅವರು ಗೋವೆಗೆ ಬಂದ ಹೊಸತರಲ್ಲಿ, ಎಡೆಬಿಡದ ಒಂದು ಮಳೆಗಾಲದಲ್ಲಿ, ಜ್ವರ ಬಂದು ಮೂರನೆಯ ದಿನಕ್ಕೆ ತೀರಿಕೊಂಡಿತ್ತು. ಆಗಿನ್ನೂ ಅದಕ್ಕೆ ಮೂರು ತುಂಬಿರಲಿಲ್ಲ. ಊರಿಗೆ ಒಯ್ಯೋಣವೆಂದರೆ ಘಾಟಿನಲ್ಲಿ ರಸ್ತೆ ಕುಸಿದಿತ್ತು. ಲಿಂಗಾಯತರಿಗೆ ಮಣ್ಣು ಮಾಡುವ ಜಾಗ ಅಲ್ಲಿ ಇರಲಿಲ್ಲ. ಕಾರ್ಖಾನೆಯ ಹಿಂದಿನ ಗೇರುಗುಡ್ಡದ ಒಡೆಯ, ಒಬ್ಬ ಮುದುಕ ಕ್ರಿಶ್ಚಿಯನ್, ಗುಡ್ಡದ ಮಗ್ಗುಲಲ್ಲಿ ಒಂದು ಗಿಡದ ಬುಡ ತೋರಿಸಿ ಇಲ್ಲಿ ಮಾಡಿಕೊಳ್ಳಿ ಎಂದಿದ್ದ. ಅಡಿವೆಯ್ಯ ತಾನೇ ಅಪ್ಪ, ತಾನೇ ಜಂಗಮ. ಮಗುವಿನ ಹಣೆಗೆ ವಿಭೂತಿ ಹಚ್ಚಿ, ತಾನೇ ಮಂತ್ರ ಹೇಳಿ, ತಾನೇ ಮಣ್ಣೆಳೆದಿದ್ದ. ಮರುದಿನ ಕೆಲಸಕ್ಕೆ ಹೋದ. ಆ ಗುಡ್ಡದ ಕಡೆ ಮತ್ತೆಂದೂ ಕಾಲಿಡಲಿಲ್ಲ. ಹೆಂಡತಿ ಅತ್ತಾಗ ಗದರಿಸಿದ, ಆಮೇಲೆ ಅವಳು ಅವನೆದುರು ಅಳುವುದನ್ನು ಬಿಟ್ಟಳು. ಮಲ್ಲಿಕಾ ಹುಟ್ಟಿದಳು, ದಿನಗಳು ಸಾಗಿದವು. ಆ ದುಃಖ ತೀರಿತೆಂದೇ ಅವನು ತಿಳಿದಿದ್ದ.

"ಸತ್ತವರಿಗೆ ಊರು ಯಾವ್ದಾದ್ರೇನು?" ಎಂದ. ಬಾಯಿಂದ ಬಿದ್ದ ಮೇಲೆ ತನಗೇ ಕೆಟ್ಟದೆನಿಸಿತು. ನಾಲ್ಕು ದಿನಕ್ಕೆ ತಾನೇ ಬರುತ್ತಾಳೆ ಎಂದುಕೊಂಡು ಅವನು ಟೆಂಪೋ ಹತ್ತಿದ.

ಬೈಲಹೊಂಗಲದಲ್ಲಿ ಎಲ್ಲವೂ ಅವನು ಅಂದುಕೊಂಡ ಹಾಗೆಯೇ ಇತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು, ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಬೆಳಿಗ್ಗೆ ಹಳ್ಳದ ತನಕ ಹೋಗಿ ಬರುತ್ತಿದ್ದ. ಮಠದ ಭಜನೆಯವರು ಹಾರ್ಮೋನಿಯಂ ಅವನ ಮುಂದೆಯೇ ಇಟ್ಟರು. ಆದರೆ ತಗ್ಗಿನ ಅಡುಗೆಕಟ್ಟೆಯ ಮುಂದೆ ಬೆನ್ನು ಬಗ್ಗಿಸಿ ಅನ್ನಕ್ಕಿಡುವಾಗ ಅವನಿಗೆ ನಡು ನೋಯುತ್ತಿತ್ತು. ನೆರೆಯವರು "ಅಕ್ಕಾರು ಯಾವಾಗ ಬರ್ತಾರ್ರಿ?" ಎಂದರೆ "ಈ ವಾರ ಬರ್ತಾರ" ಎನ್ನುತ್ತಿದ್ದ. ಗಂಗೀಬಾಯಿಯ ಮನೆಗೆ ಫೋನ್ ಮಾಡಿದರೆ ಅನ್ನಪೂರ್ಣವ್ವ ಬಂದು, ಉಂಡ್ರೇನು, ಬಿಪಿ ಗುಳಿಗಿ ತಗೊಂಡ್ರೇನು ಎಂದಷ್ಟೇ ಕೇಳಿ ಫೋನ್ ಇಡುತ್ತಿದ್ದಳು. ಮಲ್ಲಿಕಾ ಬಂದು ಎರಡು ದಿನ ಇದ್ದು, "ಅಪ್ಪಾ, ಅವ್ವನ್ನ ಒಂದ್ಸಲ ಕೂತು ಮಾತಾಡಿಸು" ಎಂದು ಹೇಳಿ ಹೋದಳು.

ಶ್ರಾವಣ ಹಿಡಿದಾಗ ಅವನಿಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಕೊರ್ಲಿಮ್‌ಗೆ ಬಂದ. ಅವನು ಅಂಗಳಕ್ಕೆ ಕಾಲಿಡುವಾಗ ಅನ್ನಪೂರ್ಣವ್ವ ಕೊಡೆ ಹಿಡಿದು ಹೊರಟು ನಿಂತಿದ್ದಳು. ಸೋಮವಾರ. ಕೈಯಲ್ಲಿ ನಾಲ್ಕು ಬಿಳಿ ದಾಸವಾಳ.

"ಎಲ್ಲಿಗೆ?" ಎಂದ, ಹೂವು ಕಂಡು ಗೊತ್ತಾಗಿದ್ದರೂ.

"ಗುಡ್ಡದ ಕಡೆ. ಸೋಮವಾರಕ್ಕೊಮ್ಮೆ ಹೋಗ್ತೇನ್ರಿ, ಅವತ್ತಿಂದನ."

"ನಾನೂ ಬರ್ತೇನಿ."

ಅವಳು ಅವನನ್ನೊಮ್ಮೆ ನೋಡಿ ಕೊಡೆಯನ್ನು ಅವನ ಕಡೆ ಚಾಚಿದಳು. ಕಾರ್ಖಾನೆಯ ಗೋಡೆ ದಾಟಿ, ಕೆಸರಿನ ದಾರಿ ಹಿಡಿದು ಇಬ್ಬರೂ ನಡೆದರು. ತಿರುವು ದಾಟಿದಾಗ ಅಡಿವೆಯ್ಯ ನಿಂತುಬಿಟ್ಟ. ಗುಡ್ಡ ಅರ್ಧ ಇರಲಿಲ್ಲ. ಕಾರ್ಖಾನೆಯಿಂದ ಕಾಣದ ಈ ಮಗ್ಗುಲನ್ನು ನೇರಕ್ಕೆ ಕಡಿದು ಕೆಂಪು ಗೋಡೆಯಂತೆ ಮಾಡಿದ್ದರು. ಕೆಳಗೆ ಸಮತಟ್ಟಾದ ನೆಲದಲ್ಲಿ ಪ್ಲಾಟುಗಳ ಕಲ್ಲು, ಅರ್ಧ ಎದ್ದ ಕಟ್ಟಡ, ನೆನೆಯುತ್ತಿದ್ದ ಕಬ್ಬಿಣದ ಸರಳು. ಗೇರುಗಿಡ ಒಂದೂ ಕಾಣಲಿಲ್ಲ.

"ಯಾವಾಗ ಇದು?"

"ಹ್ವಾದ ವರ್ಷ. ಮುದಕ ಸತ್ತ ಮ್ಯಾಲ ಮಕ್ಕಳು ಮಾರಿದ್ರಂತ. ನಾ ಮುಂದಿನ ಸೋಮವಾರ ಬರೂದ್ರಾಗ ಮಿಷಿನ್ ಬಂದು ಎಲ್ಲಾ ಆಗಿಹೋಗಿತ್ತು."

"ನನಗ ಯಾಕ ಹೇಳಲಿಲ್ಲ?"

"ನೀವು ಮನಿ ಕಟ್ಟಸಾಕತ್ತಿದ್ರಿ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಅವಳು ಹೂಗಳನ್ನು ಕಡಿದ ಮಣ್ಣಿನ ಬುಡದಲ್ಲಿ, ಮಳೆನೀರು ಹರಿಯುವ ಕಾಲುವೆಯ ದಂಡೆಗಿಟ್ಟಳು. ನೀರು ಅವುಗಳಲ್ಲಿ ಎರಡನ್ನು ಆಗಲೇ ಎಳೆದುಕೊಂಡು ಹೋಯಿತು. ಅಡಿವೆಯ್ಯ ಕಡಿದ ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ತಾನೇ ಅಗೆದು, ತಾನೇ ಮುಚ್ಚಿದ ಆ ಮಣ್ಣನ್ನು ಯಾವ ಲಾರಿ ಎಲ್ಲಿಗೆ ಒಯ್ದು ಸುರಿದಿತ್ತೋ.

"ಇಲ್ಲಿ ಏನೂ ಉಳದಿಲ್ಲಲ್ಲ ಅನ್ನಪೂರ್ಣಾ" ಎಂದ ಮೆಲ್ಲಗೆ. "ಇನ್ನ ಯಾಕ ಇಲ್ಲಿ ಇರತಿ? ಬಾ, ಹೋಗೂಣು."

"ಉಳದಿಲ್ಲಂತ ನನಗೂ ಕಾಣತೈತ್ರಿ" ಎಂದಳು. "ಆದ್ರ ಅಕಿ ಅಂಗಳದಾಗ ಆಡಿದ್ದು, ಗಂಗೀಬಾಯಿ ಕೋಳಿ ಹಿಂದ ಓಡಿದ್ದು ಈ ಊರಾಗನ ಅಲ್ರಿ. ಅಕಿನ್ನ ನೋಡಿದವರು ಇಲ್ಲಿ ನಾವಿಬ್ಬರು, ಗಂಗೀಬಾಯಿ ಒಬ್ಬಾಕಿ. ಗಂಗೀಬಾಯಿಗೆ ಈಗ ಬೆಳಗಿನದು ಸಂಜಿಗೆ ನೆನಪಿರಂಗಿಲ್ಲ. ನಾವೂ ಗಂಟು ಕಟ್ಟಿಕೊಂಡು ಹೋದ್ರ, ಇಲ್ಲಿ ಅಂಥಾದೊಂದು ಕೂಸು ಇತ್ತು ಅಂತ ಯಾರಿಗೆ ಗೊತ್ತಿರತೈತ್ರಿ? ಹುಟ್ಟೇ ಇರಲಿಲ್ಲ ಅಂದಂಗ ಆಗತೈತಿ."

ಮುಪ್ಪಿಗೆ ಏನೇನು ಬೇಕೆಂದು ಅವನು ಅಷ್ಟು ವರ್ಷ ಯೋಚಿಸಿದ್ದ. ಮೊಣಕಾಲಿಗೆ, ಕಣ್ಣಿಗೆ, ಬೇಸರಕ್ಕೆ, ಎಲ್ಲದಕ್ಕೂ ದಾರಿ ಹುಡುಕಿಟ್ಟಿದ್ದ. ಆ ಯೋಚನೆಯಲ್ಲಿ ಈ ಮಗು ಒಮ್ಮೆಯೂ ಬಂದಿರಲಿಲ್ಲ. ತನ್ನ ಜೊತೆಗೇ ಉಣ್ಣುತ್ತ, ಮಲಗುತ್ತ ಇದ್ದ ಹೆಂಡತಿ ಪ್ರತಿ ವಾರ ಈ ದಾರಿ ನಡೆದಿದ್ದಳು. ತಾನು ಒಮ್ಮೆಯೂ ಕೇಳಿರಲಿಲ್ಲ.

ಅವನು ತಿರುಗಿ ಹೋಗಲಿಲ್ಲ. ಹೊಂಗಲದ ಮನೆಯನ್ನು ಒಬ್ಬ ಮಾಸ್ತರರಿಗೆ ಬಾಡಿಗೆಗೆ ಕೊಡಲು ಮಲ್ಲಿಕಾಳಿಗೆ ಹೇಳಿದ. ಅವಳು ಫೋನಿನಲ್ಲೇ ಅತ್ತಳು, ಆದರೆ ಬೇಡವೆನ್ನಲಿಲ್ಲ. ಗಂಗೀಬಾಯಿಯ ಒಂದೇ ಖೋಲಿಯಲ್ಲಿ ಇಬ್ಬರೂ ಹಾಸಿಗೆ ಹಾಸಿಕೊಂಡರು. ಸೂರು ಸೋರುತ್ತಿತ್ತು. ದಾರಿಯಲ್ಲಿ ಸಿಕ್ಕ ಸೋಮಲಪ್ಪ "ಇದೇನ್ರಿ ಅಯ್ಯಾರ, ಅಷ್ಟು ತಯಾರಿ ಮಾಡಿದ್ರಿ?" ಎಂದಾಗ ಅಡಿವೆಯ್ಯ ಅವನ ಹೆಗಲ ಮೇಲೆ ಕೈಯಿಟ್ಟು ಮುಂದೆ ನಡೆದ.

ಮುಂದಿನ ಸೋಮವಾರ ಮಳೆ ತುಸು ಹೊಳವಾಗಿತ್ತು. ಹೂವಿಟ್ಟು ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕೂತರು. ಎದುರಿಗೆ ಕೆಲಸಗಾರರು ಇಟ್ಟಿಗೆ ಇಳಿಸುತ್ತಿದ್ದರು.

"ನನಗ ಅಕಿ ಮಾರಿ ನೆನಪಾಗವಲ್ದು" ಎಂದ ಅಡಿವೆಯ್ಯ. ಮಗಳ ಮುಖ ಮರೆತದ್ದನ್ನು ಯಾರೆದುರಿಗೂ, ತನ್ನೆದುರಿಗೂ ಅವನು ಹೇಳಿರಲಿಲ್ಲ. "ಎತ್ತಿಕೊಂಡು ಬಂದ್ನಲ್ಲ, ಆ ಭಾರ ಅಷ್ಟ ನೆನಪೈತಿ. ಮಳ್ಯಾಗ ಅರಿಬಿ ತೊಯ್ದು ಭಾರ ಆಗಿತ್ತು."

ಅನ್ನಪೂರ್ಣವ್ವ ಕೈಗೆ ಹತ್ತಿದ್ದ ಮಣ್ಣನ್ನು ಉಜ್ಜಿಕೊಂಡಳು. ಆಮೇಲೆ ಹೇಳಿದಳು.

"ಮಾರಿ ನಿಮ್ಮದ ಇತ್ರಿ. ಮೂಗು ಅಷ್ಟ ನನ್ನದು. ನಕ್ರ ಒಂದ ಕಣ್ಣು ಸಣ್ಣದಾಗತಿತ್ತು."

"ಯಾವ ಕಣ್ಣು?"

"ಎಡಗಣ್ಣು."

ಅಡಿವೆಯ್ಯ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ಇಟ್ಟಿಗೆ ಇಳಿಸುತ್ತಿದ್ದವರು ಒಮ್ಮೆ ತಿರುಗಿ ನೋಡಿ ಮತ್ತೆ ಕೆಲಸಕ್ಕೆ ಹತ್ತಿದರು. ಅವಳು ಅವನನ್ನು ಸಮಾಧಾನ ಮಾಡಲಿಲ್ಲ. ಹತ್ತಿರಕ್ಕೆ ಸರಿದು ಕೂತು, ಮುಂದಿನದನ್ನು ಹೇಳತೊಡಗಿದಳು.